ದೊರೆಯ ನಾಣ್ಯ ಕಾದ ಪಾದ್ರಿ

(ನಮ್ಮೂರಿನ ಗ್ರಂಥಾಲಯದಲ್ಲಿ ಒಂದು ಭಾನುವಾರ ಸಂಜೆ ಆಡಿದ ಮಾತಿನ ಬರಹ ರೂಪ. ಮಾತಿನಲ್ಲಿ ಬಿಟ್ಟುಹೋಗಿದ್ದ ಒಂದೆರಡು ವಿಷಯ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಮೊದಲ ಸಾಲಿನಿಂದ ಒಂದು ನಾಣ್ಯ ಕೈಯಿಂದ ಕೈಗೆ ಬರ್ತಾ ಇದೆ, ನೋಡಿ. ಅಸಲಿ ಅಲ್ಲ, ಅಚ್ಚು ತೆಗೆದ ನಕಲು. ಹಾಗಾಗಿ ಹೆದರದೆ ಹಿಡಿದುಕೊಳ್ಳಿ. ರೋಮನ್ನರ ಬೆಳ್ಳಿ ನಾಣ್ಯ ಇದು, ದಿನಾರಿಯಸ್ ಅಂತ ಹೆಸರು. ನಮ್ಮ ಹಳೆಯ ನಾಲ್ಕಾಣೆಯಷ್ಟೇ ಅಗಲ. ತೂಕ ಮಾತ್ರ ಸ್ವಲ್ಪ ಜಾಸ್ತಿ, ಮೂರು ಗ್ರಾಮ್ ದಾಟುತ್ತದೆ. ಒಂದು ಕಡೆ ಗಡ್ಡ ಬಿಟ್ಟ ಗಂಡಸಿನ ತಲೆ ಇದೆ. ಬರೀ ತಲೆ ಮತ್ತು ಕತ್ತು. ಅದರ ಸುತ್ತ ಅಕ್ಷರ.

ಪೋಲೆಂಡಿನ ರೈತರು ಉಳುವಾಗ ಇಂಥ ನಾಣ್ಯಗಳು ಆಗಾಗ ನೇಗಿಲಿಗೆ ಸಿಕ್ಕುತ್ತಿದ್ದವು. ರೋಮ್ ಯಾವುದು, ಚಕ್ರವರ್ತಿ ಯಾರು ಅಂತ ಅವರಿಗೆ ಹೇಳುವವರಿರಲಿಲ್ಲ. ಆದರೆ ಚರ್ಚಿನಲ್ಲಿ ಕೇಳಿದ ಕಥೆ ಗೊತ್ತಿತ್ತು. ಹೆರೋದ ರಾಜ ಸ್ನಾನಿಕ ಯೋವಾನ್ನನ ತಲೆ ಕಡಿಸಿ ತಟ್ಟೆಯ ಮೇಲೆ ತರಿಸಿದ ಕಥೆ. ನಾಣ್ಯ ನೋಡಿದರು. ದುಂಡಗಿನ ತಟ್ಟೆ, ಅದರ ಮೇಲೆ ಗಡ್ಡದ ತಲೆ. ಅಷ್ಟೇ, 'ಸಂತ ಯೋವಾನ್ನನ ತಲೆ' ಅಂತ ಹೆಸರಿಟ್ಟರು. ನಾಣ್ಯಕ್ಕೆ ಜನ ಕೊಟ್ಟ ಹೆಸರುಗಳಲ್ಲಿ ನನಗೆ ಇದಕ್ಕಿಂತ ಇಷ್ಟವಾದದ್ದು ಇನ್ನೊಂದಿಲ್ಲ.

ಇವತ್ತು ನಾನು ಹೇಳಹೊರಟ ಪಾದ್ರಿಯ ಹೆಸರೂ ಅದೇ. ಯಾನ್ ಖ್ಷ್‌ಚಿಚ್ಯೆಲ್ ಆಲ್ಬರ್ಟ್ರಾಂಡಿ. ಪೋಲಿಷ್ ಭಾಷೆಯಲ್ಲಿ ಮೊದಲ ಎರಡು ಪದಗಳ ಅರ್ಥ ಸ್ನಾನಿಕ ಯೋವಾನ್ನ. ಸಂತನ ಹೆಸರು ಹೊತ್ತ ಈ ಮನುಷ್ಯ ಕೊನೆಗಾಲದಲ್ಲಿ ಕೂತು ರೋಮನ್ ನಾಣ್ಯಗಳ ಮೇಲೆ ಸಂಪುಟಗಟ್ಟಲೆ ಬರೆದರು.

ಅವರು ಹುಟ್ಟಿದ್ದು ವಾರ್ಸಾದಲ್ಲಿ, 1731ರ ಡಿಸೆಂಬರ್ 7ರಂದು. ಆಲ್ಬರ್ಟ್ರಾಂಡಿ ಅನ್ನೋ ಹೆಸರು ಕೇಳಿದರೇ ಗೊತ್ತಾಗುತ್ತದೆ, ಪೋಲಿಷ್ ಹೆಸರಲ್ಲ. ತಂದೆ ಇಟಲಿಯ ಮೂಲದವರು. ಪೋಲೆಂಡಿಗೆ ಇಟಲಿಯ ಜನ ಬರುವುದು ಆಗ ಹೊಸದೇನೂ ಅಲ್ಲ. ಶಿಲ್ಪಿಗಳು, ವ್ಯಾಪಾರಿಗಳು, ಸಂಗೀತಗಾರರು ಎಲ್ಲ ಬಂದು ನೆಲೆಸಿದ್ದರು. ಹಾಗೆ ಬಂದು ನೆಲೆಸಿದ ಮನೆಯ ಹುಡುಗ ಹದಿಹರೆಯದಲ್ಲೇ ಯೇಸುಸಭೆ ಸೇರಿದ. ಯೇಸುಸಭೆ ಅಂದರೆ ಜೆಸ್ವಿಟ್ ಪಾದ್ರಿಗಳ ಸಂಘ. ಓದಿದ, ಪಾದ್ರಿಯಾದ, ಸಂಘದ ಕಾಲೇಜುಗಳಲ್ಲಿ ಪಾಠ ಹೇಳಿದ.

ಅವರ ನಿಜವಾದ ಕಥೆ ಶುರುವಾಗೋದು ಒಂದು ಪುಸ್ತಕದ ಮನೆಯಲ್ಲಿ.

ವಾರ್ಸಾದಲ್ಲಿ ಜಾವುಸ್ಕಿ ಅಣ್ಣತಮ್ಮಂದಿರಿದ್ದರು. ಇಬ್ಬರೂ ಬಿಷಪ್‌ಗಳು. ತಾವು ಕೂಡಿಟ್ಟ ಪುಸ್ತಕಗಳನ್ನೆಲ್ಲ 1747ರಲ್ಲಿ ಊರ ಜನಕ್ಕೆ ತೆರೆದರು. ಯೂರೋಪಿನ ಅತಿ ದೊಡ್ಡ ಗ್ರಂಥಾಲಯಗಳಲ್ಲಿ ಅದೂ ಒಂದು. 1760ರ ಹೊತ್ತಿಗೆ ಆಲ್ಬರ್ಟ್ರಾಂಡಿ ಅಲ್ಲಿ ಗ್ರಂಥಪಾಲರಾದರು. ಸುಮಾರು 2 ಲಕ್ಷ ಸಂಪುಟಗಳಿಗೆ ಪಟ್ಟಿ ಮಾಡಿದರು ಅಂತ ಹೇಳುತ್ತಾರೆ. ಗ್ರಂಥಾಲಯದಲ್ಲಿ ಕೆಲಸ ಮಾಡಿದವರು ಇಲ್ಲಿ ಯಾರಾದರೂ ಇದ್ದರೆ ಆ ಕೆಲಸದ ಭಾರ ಗೊತ್ತಿರುತ್ತದೆ. ಪುಸ್ತಕ ಕೈಗೆ ತಗೋಬೇಕು, ಹೆಸರು ಓದಬೇಕು, ಯಾರು ಬರೆದದ್ದು, ಯಾವ ಊರಲ್ಲಿ ಅಚ್ಚಾಯಿತು, ಯಾವ ವರ್ಷ, ಎಲ್ಲ ಬರೀಬೇಕು. ಆಮೇಲೆ ಇನ್ನೊಂದು. ಆಮೇಲೆ ಮತ್ತೊಂದು. ಅವರ ಕೈ ಪಳಗಿದ್ದು ಈ ಕೆಲಸದಲ್ಲೇ ಅಂತ ನನ್ನ ನಂಬಿಕೆ. ನಾಣ್ಯದ ಕೆಲಸವೂ ಇದೇ ಅಲ್ವಾ? ಒಂದೊಂದನ್ನೇ ಕೈಗೆತ್ತಿಕೊಂಡು, ಅದು ಏನು ಹೇಳುತ್ತದೋ ಅಷ್ಟನ್ನು ಬರೆಯುವುದು.

ಆಮೇಲೆ ಒಂದು ದೊಡ್ಡ ಮನೆತನದ ಹುಡುಗನಿಗೆ ಮೇಷ್ಟ್ರಾದರು. ಹುಡುಗನ ಹೆಸರು ಫೆಲಿಕ್ಸ್ ಲುಬಿಯೆನ್ಸ್ಕಿ. 1770ರಲ್ಲಿ ಹುಡುಗನನ್ನು ಕರೆದುಕೊಂಡು ಇಟಲಿಗೆ ಹೋದರು. ತಂದೆಯ ಕಡೆಯ ನಾಡಿಗೆ ಮಗ ಪೋಲಿಷ್ ಪಾದ್ರಿಯಾಗಿ ಬಂದ. ಹುಡುಗನ ಓದು ಒಂದು ಕಡೆ ನಡೆಯಿತು. ಇನ್ನೊಂದು ಕಡೆ ಮೇಷ್ಟ್ರು ನಾಣ್ಯ ಕಲಿತರು, ನಾಣ್ಯ ಕೂಡಿಸತೊಡಗಿದರು.

ಆ ಕಾಲದಲ್ಲಿ ನಾಣ್ಯ ಕಲಿಯೋದು ಅಂದರೆ ಏನು ಅಂತ ಸ್ವಲ್ಪ ನಿಧಾನವಾಗಿ ಹೇಳ್ತೀನಿ. ಫೋಟೋ ಇಲ್ಲ. ಇನ್ನೊಂದು ಊರಲ್ಲಿರುವ ನಾಣ್ಯ ನೋಡಬೇಕಾದರೆ ಅಲ್ಲಿಗೇ ಹೋಗಬೇಕು. ಇಲ್ಲಾಂದ್ರೆ ಅದರ ಅಚ್ಚು ಯಾರಾದರೂ ಮೇಣದಲ್ಲೋ ಗಾರೆಯಲ್ಲೋ ತೆಗೆದು ಕಳಿಸಬೇಕು. ಕೈಯಲ್ಲಿ ಒಂದು ತಕ್ಕಡಿ, ಒಂದು ಭೂತಗನ್ನಡಿ. ಉಳಿದದ್ದೆಲ್ಲ ತಲೆಯಲ್ಲಿರಬೇಕು.

ನಿಮ್ಮ ಕೈಗೆ ಬಂದ ನಕಲನ್ನೇ ನೋಡಿ. ಅಂಚಿನಲ್ಲಿ ಅಕ್ಷರಗಳು ಒತ್ತೊತ್ತಾಗಿವೆ. ಪೂರ್ತಿ ಪದ ಬರೆಯಲು ಜಾಗ ಇಲ್ಲ, ಎಲ್ಲ ಮೊಟಕು. ಅದರಲ್ಲಿ 'ಟಿ ಆರ್ ಪಿ' ಅಂತ ಮೂರು ಅಕ್ಷರ, ಅದರ ಪಕ್ಕ ಒಂದು ಅಂಕಿ ಇದೆ. ಅದು ಚಕ್ರವರ್ತಿಗೆ ಇದ್ದ ಒಂದು ಅಧಿಕಾರದ ಗುರುತು. ಆ ಅಧಿಕಾರ ವರ್ಷಕ್ಕೊಮ್ಮೆ ಹೊಸದಾಗುತ್ತಿತ್ತು. ಅಂಕಿ ಹತ್ತು ಅಂತಿದ್ದರೆ ಆ ಅಧಿಕಾರಕ್ಕೆ ಹತ್ತನೇ ವರ್ಷ ಅಂತ ಅರ್ಥ. ಅಂದರೆ ನಾಣ್ಯ ತಾನು ಯಾವ ವರ್ಷ ಹುಟ್ಟಿದೆ ಅಂತ ತಾನೇ ಹೇಳುತ್ತಿದೆ! ಓದೋಕೆ ಬರಬೇಕು, ಅಷ್ಟೇ.

ಇಟಲಿಯಲ್ಲಿ ಇನ್ನೊಂದು ಪಾಠವೂ ಕಲಿಯಬೇಕಿತ್ತು. ಅದು ಮೋಸ ಹೋಗದಿರುವ ಪಾಠ. ಪಾದುವಾ ಊರಿನ ಜೊವಾನ್ನಿ ದ ಕಾವೀನೊ ಅನ್ನೋ ಕುಶಲಿ 16ನೇ ಶತಮಾನದಲ್ಲಿ ರೋಮನ್ ನಾಣ್ಯಗಳ ಮಾದರಿಯಲ್ಲಿ ಎಷ್ಟು ಚಂದದ ಅಚ್ಚು ಕೆತ್ತಿದ್ದನೆಂದರೆ, ಇನ್ನೂರು ವರ್ಷ ಆದಮೇಲೂ ಜನ ಅವನ್ನು ಅಸಲಿ ಅಂತ ಕೊಳ್ಳುತ್ತಿದ್ದರು. 'ಪಾದುವಾದ ನಾಣ್ಯ' ಅನ್ನೋ ಮಾತೇ ಹುಟ್ಟಿಕೊಂಡಿತು. ಅವು ಅಸಲಿಗಿಂತ ಅಂದವಾಗಿರುತ್ತವೆ. ತುಂಬಾ ಅಂದವಾಗಿದ್ದರೆ ಅನುಮಾನ ಪಡಬೇಕು ಅನ್ನೋದು ಇವತ್ತಿಗೂ ನಮ್ಮಂಥವರ ಮೊದಲ ಪಾಠ.

ಜೆಸ್ವಿಟ್ ಪಾದ್ರಿಗಳಿಗೂ ನಾಣ್ಯಕ್ಕೂ ಹಳೆಯ ನಂಟು. ಅವರ ಕಾಲೇಜುಗಳಲ್ಲಿ ನಾಣ್ಯದ ಪೆಟ್ಟಿಗೆ ಇಟ್ಟುಕೊಂಡು ಚರಿತ್ರೆ ಪಾಠ ಮಾಡುತ್ತಿದ್ದರು. ಪುರಾತನ ನಾಣ್ಯಗಳ ಓದನ್ನು ಒಂದು ಶಾಸ್ತ್ರವಾಗಿ ನಿಲ್ಲಿಸಿದ ವಿಯೆನ್ನಾದ ಯೋಸೆಫ್ ಎಕ್ಹೆಲ್ ಕೂಡ ಜೆಸ್ವಿಟ್ ಆಗಿದ್ದವರೇ. ಆಲ್ಬರ್ಟ್ರಾಂಡಿಗಿಂತ ಐದು ವರ್ಷ ಚಿಕ್ಕವರು. ನಮ್ಮ ಮಂಗಳೂರಿನ ಸಂತ ಅಲೋಶಿಯಸ್ ಕಾಲೇಜಿನಲ್ಲಿ ಇಟಲಿಯ ಜೆಸ್ವಿಟ್ ಪಾದ್ರಿಯೊಬ್ಬರು 1913ರಲ್ಲಿ ಕಟ್ಟಿದ ಅಲೋಶಿಯಂ ವಸ್ತುಸಂಗ್ರಹಾಲಯ ಇದೆಯಲ್ಲ, ಅಲ್ಲಿನ ನಾಣ್ಯಗಳ ಮುಂದೆ ನಿಂತಾಗೆಲ್ಲ ನನಗೆ ಈ ಹಳೆಯ ನಂಟು ನೆನಪಾಗುತ್ತದೆ.

1773ರಲ್ಲಿ ಸಿಡಿಲು ಬಡಿಯಿತು. ಪೋಪ್ 14ನೇ ಕ್ಲೆಮೆಂಟ್ ಯೇಸುಸಭೆಯನ್ನೇ ಮುಚ್ಚಿಬಿಟ್ಟರು. ಹದಿಹರೆಯದಿಂದ ತನ್ನದು ಅಂದುಕೊಂಡಿದ್ದ ಮನೆ ಒಂದೇ ಆಜ್ಞೆಗೆ ಇಲ್ಲವಾಯಿತು. ಆಲ್ಬರ್ಟ್ರಾಂಡಿಗೆ ಆಗ 41 ವರ್ಷ. ಪಾದ್ರಿತನ ಉಳಿಯಿತು, ಸಂಘ ಹೋಯಿತು. ಅದರ ಹಿಂದಿನ ವರ್ಷವೇ, 1772ರಲ್ಲಿ, ರಷ್ಯಾ, ಪ್ರಶ್ಯಾ, ಆಸ್ಟ್ರಿಯಾ ಮೂರೂ ಸೇರಿ ಪೋಲೆಂಡಿನ ಒಂದೊಂದು ಪಾಲು ಕಿತ್ತುಕೊಂಡಿದ್ದವು. ಇಂಥ ಹೊತ್ತಲ್ಲಿ ವಾರ್ಸಾಕ್ಕೆ ಮರಳಿದ ಪಾದ್ರಿಯನ್ನು ದೊರೆ ಕರೆಸಿಕೊಂಡರು.

ಆ ದೊರೆ ಸ್ಟಾನಿಸ್ಲಾವ್ ಆಗಸ್ಟ್ ಪೊನ್ಯಾಟೊವ್ಸ್ಕಿ, ಪೋಲೆಂಡಿನ ಕೊನೆಯ ರಾಜ. ಓದು, ಚಿತ್ರ, ಶಿಲ್ಪ, ನಾಣ್ಯ ಎಲ್ಲದರಲ್ಲೂ ಆಸೆ ಇದ್ದ ಮನುಷ್ಯ. ಅರಮನೆಯಲ್ಲಿ ನಾಣ್ಯ ಮತ್ತು ಪದಕಗಳಿಗೆಂದೇ ಒಂದು ಸಂಗ್ರಹ ಮಾಡಿದ್ದರು. ಅದನ್ನು ಕಾಯುವ, ಬೆಳೆಸುವ, ಪಟ್ಟಿ ಮಾಡುವ ಕೆಲಸ ನಮ್ಮ ಪಾದ್ರಿಯ ಪಾಲಿಗೆ ಬಂತು. ಮುಂದೆ ದೊರೆಯ ಗ್ರಂಥಾಲಯದ ಹೊಣೆಯೂ ಸೇರಿಕೊಂಡಿತು.

ಈ ದೊರೆಗೆ ನಾಣ್ಯ ಬರೀ ಶೋಕಿಯಾಗಿರಲಿಲ್ಲ. ಅದಕ್ಕೊಂದು ನೋವಿನ ಕಾರಣವಿದೆ. 1756ರಲ್ಲಿ ಪ್ರಶ್ಯಾದ ಫ್ರೆಡರಿಕ್ ಸ್ಯಾಕ್ಸನಿಯ ಮೇಲೆ ದಂಡೆತ್ತಿ ಬಂದು ಲೈಪ್‌ಜಿಗ್‌ನ ಟಂಕಸಾಲೆ ಹಿಡಿದ. ಆಗ ಪೋಲೆಂಡಿನ ರಾಜನೇ ಸ್ಯಾಕ್ಸನಿಯ ಒಡೆಯನೂ ಆಗಿದ್ದ, ಹಾಗಾಗಿ ಪೋಲೆಂಡಿನ ನಾಣ್ಯ ಅಚ್ಚಾಗುತ್ತಿದ್ದದ್ದು ಅಲ್ಲೇ. ಅಚ್ಚುಗಳು ಕೈಗೆ ಸಿಕ್ಕವು. ಪೋಲೆಂಡಿನ ರಾಜನ ಮುಖ ಹಾಗೇ ಇಟ್ಟು, ಒಳಗೆ ಬೆಳ್ಳಿ ಕಡಿಮೆ ಮಾಡಿ, ರಾಶಿರಾಶಿ ಕಳಪೆ ನಾಣ್ಯ ಹೊಡೆಸಿ ಪೋಲೆಂಡಿನೊಳಗೆ ನುಗ್ಗಿಸಿದ. ಸಂತೆಯಲ್ಲಿ ಕೈಗೆ ಬಂದ ದುಡ್ಡು ಅಸಲಿಯೋ ಕಳಪೆಯೋ ತಿಳಿಯದೆ ಜನ ನರಳಿದರು. ಒಂದು ದೇಶವನ್ನು ಫಿರಂಗಿ ಇಲ್ಲದೆಯೂ ಸುಲಿಯಬಹುದು.

1764ರಲ್ಲಿ ಪಟ್ಟಕ್ಕೆ ಬಂದ ಸ್ಟಾನಿಸ್ಲಾವ್ ಆಗಸ್ಟ್ ಬೇಗನೇ ಕೈಹಾಕಿದ ಕೆಲಸಗಳಲ್ಲಿ ನಾಣ್ಯ ಸರಿಪಡಿಸುವುದೂ ಒಂದು. ವಾರ್ಸಾದಲ್ಲೇ ಟಂಕಸಾಲೆ ತೆರೆಸಿದರು. 1766ರಿಂದ ಹೊಸ ನಾಣ್ಯ ಬಂತು. ಆ ದೊರೆಯ ದೊಡ್ಡ ಬೆಳ್ಳಿ ನಾಣ್ಯ ಥಾಲರ್ ಮೇಲೆ ಲ್ಯಾಟಿನ್ನಿನಲ್ಲಿ ಒಂದು ಮಾತು ಕೆತ್ತಿದೆ. ಅದರ ಅರ್ಥ, 'ಕೊಲೋನ್ ಮಾರ್ಕಿನಷ್ಟು ಶುದ್ಧ ಬೆಳ್ಳಿಗೆ ಹತ್ತು' ಅಂತ. ಕೊಲೋನ್ ಮಾರ್ಕ್ ಅಂದರೆ ಸುಮಾರು 234 ಗ್ರಾಮಿನ ಒಂದು ತೂಕ. ಅಷ್ಟು ಅಪ್ಪಟ ಬೆಳ್ಳಿಯಲ್ಲಿ ನನ್ನಂಥವು ಹತ್ತೇ ಆಗಿವೆ, ಬೇಕಾದರೆ ತೂಗಿ ನೋಡು ಅಂತ ನಾಣ್ಯವೇ ಆಣೆ ಇಟ್ಟು ಹೇಳಿದಂತೆ. ಮೋಸಹೋಗಿ ಬೆಂದ ಜನಕ್ಕೆ ದೊರೆ ಕೊಟ್ಟ ಮಾತು ಅದು. ಈ ಸಾಲನ್ನು ಮೊದಲ ಸಲ ಓದಿದಾಗ ನನ್ನ ಕಣ್ಣು ತೇವವಾಗಿತ್ತು.

ಇಲ್ಲಿ ನನ್ನದೇ ಒಂದು ವಿಷಯ ಹೇಳಬೇಕು. ನನಗೆ ಹನ್ನೆರಡು ವರ್ಷ ಇದ್ದಾಗ ಅಜ್ಜಿಯ ಎಲೆಯಡಿಕೆ ಪೆಟ್ಟಿಗೆಯ ತಳದಲ್ಲಿ ಒಂದು ತಾಮ್ರದ ದುಡ್ಡು ಸಿಕ್ಕಿತು. ಕಪ್ಪಗೆ, ಹಸಿರು ಪಾಚಿ ಕಟ್ಟಿದ ಹಾಗಿತ್ತು. ಹಬ್ಬಕ್ಕೆ ಬಿಂದಿಗೆ ತೊಳೆಯೋ ಹಾಗೆ ಹುಣಸೆಹಣ್ಣು, ಬೂದಿ ಹಾಕಿ ಚೆನ್ನಾಗಿ ತಿಕ್ಕಿದೆ. ಹೊಳೆಯಿತು. ಏನು ಹೊಳಪು ಅಂತೀರಿ! ಎಷ್ಟೋ ವರ್ಷ ಆದಮೇಲೆ ಬಲ್ಲವರೊಬ್ಬರಿಗೆ ತೋರಿಸಿದೆ. ಅವರು ಬಹಳ ಹೊತ್ತು ಭೂತಗನ್ನಡಿ ಹಿಡಿದು ನೋಡಿದರು. 'ಇಲ್ಲಿ ಅಕ್ಷರ ಇತ್ತು ಕಣಪ್ಪ' ಅಂದರು. ಆ ಕಪ್ಪು ಪದರವೇ ಅಕ್ಷರವನ್ನು ಕಾಪಾಡಿಕೊಂಡು ಬಂದಿತ್ತು. ಜೊತೆಗೆ, ಆ ದುಡ್ಡು ಎಲ್ಲಿಂದ ಬಂತು ಅಂತ ನಾನು ಅಜ್ಜಿಯನ್ನು ಕೇಳಲೂ ಇಲ್ಲ. ಅಜ್ಜಿ ಹೋದರು. ಈಗ ಅದು ಬರೀ ಒಂದು ತಾಮ್ರದ ಬಿಲ್ಲೆ.

ಅದಕ್ಕೇ ಈ ಪಾದ್ರಿ ನನಗೆ ದೊಡ್ಡವರಾಗಿ ಕಾಣೋದು. ಅವರು ನಾಣ್ಯ ಕೂಡಿಟ್ಟದ್ದು ತಮಗಾಗಿ ಅಲ್ಲ. ಆ ನಾಣ್ಯಗಳು ದೊರೆಯವು. ಅವರ ಪಾಲಿನ ಕೆಲಸ ಓದಿ ಬರೆದಿಡುವುದು. ಪೋಲೆಂಡಿನ ಪದಕಗಳ ಬಗ್ಗೆ ಅವರು ಬರೆದಿಟ್ಟ ಹಸ್ತಪ್ರತಿಯನ್ನು ಅವರು ಸತ್ತ ಎಷ್ಟೋ ವರ್ಷದ ಮೇಲೆ ಬೇರೆಯವರು ಪದಕಗಳ ದೊಡ್ಡ ಪುಸ್ತಕ ಮಾಡುವಾಗ ಬಳಸಿಕೊಂಡರು. ನಾಣ್ಯ ಕಳೆದರೂ ಅದರ ಚೀಟಿ ಉಳಿದರೆ ಅರ್ಧ ಉಳಿದ ಹಾಗೆ.

ಚೀಟಿಯ ಮಾತು ಬಂತಲ್ಲ, ಅವರ ಇನ್ನೊಂದು ಸಾಹಸ ಕೇಳಿ. ಆಡಂ ನರುಶೆವಿಚ್ ಅಂತ ಇನ್ನೊಬ್ಬ ಮಾಜಿ ಜೆಸ್ವಿಟ್. ಕವಿ, ಚರಿತ್ರೆಕಾರ. ಪೋಲೆಂಡಿನ ಚರಿತ್ರೆ ಬರೆಯಲು ದೊರೆ ಅವರಿಗೆ ಹೇಳಿದ್ದರು. ಆದರೆ ದೇಶದ ಕಾಗದಪತ್ರ ದೇಶದಲ್ಲಿ ಇದ್ದರಲ್ವಾ? ಒಂದಷ್ಟು ರೋಮಿನಲ್ಲಿ. ಇನ್ನೊಂದಷ್ಟು ಸ್ವೀಡನ್ನಿನಲ್ಲಿ. 17ನೇ ಶತಮಾನದ ಯುದ್ಧಗಳಲ್ಲಿ ಸ್ವೀಡನ್ನಿನ ಸೈನ್ಯ ಪೋಲೆಂಡಿನಿಂದ ಪುಸ್ತಕ, ಕಡತಗಳನ್ನು ಗಾಡಿಗಟ್ಟಲೆ ಹೊತ್ತೊಯ್ದಿತ್ತು. ಖಗೋಳಜ್ಞ ಕೋಪರ್ನಿಕಸ್ ಓದಿದ ಪುಸ್ತಕಗಳು ಇವತ್ತಿಗೂ ಉಪ್ಸಾಲಾದಲ್ಲಿರುವುದು ಅದೇ ಕಾರಣಕ್ಕೆ.

ದೊರೆ 1782ರಲ್ಲಿ ಆಲ್ಬರ್ಟ್ರಾಂಡಿಯನ್ನು ಮತ್ತೆ ಇಟಲಿಗೆ ಕಳಿಸಿದರು. ಮೂರು ವರ್ಷ ಕೂತು ನಕಲು ಮಾಡಿದರು. ಆಮೇಲೆ ಸ್ವೀಡನ್. ಸ್ಟಾಕ್‌ಹೋಮ್‌ನಲ್ಲಿ ಓದಲು ಬಿಟ್ಟರು, ಬರೆದುಕೊಳ್ಳಲು ಬಿಡಲಿಲ್ಲ ಅಂತ ಒಂದು ಕಥೆ ಹೇಳುತ್ತಾರೆ. ಏನು ಮಾಡೋದು? ಹಗಲಿಡೀ ಓದುವುದು, ಸಂಜೆ ಬಿಡಾರಕ್ಕೆ ಬಂದು ದೀಪ ಹಚ್ಚಿ ನೆನಪಿನಿಂದಲೇ ಬರೆಯುವುದು. ಅವರಿಗೆ ಆಗ ಅರವತ್ತು ಹತ್ತಿರ. ಎರಡೂ ದೇಶದಿಂದ ತಂದ ನಕಲುಗಳೆಲ್ಲ ಸೇರಿ ಸುಮಾರು 200 ದೊಡ್ಡ ಸಂಪುಟಗಳಾದವು. ಕೈಬರಹ, ಒಬ್ಬನೇ ಮನುಷ್ಯನದು. ಅವಧಾನಿಗಳ ಧಾರಣಾಶಕ್ತಿ ಕಂಡವರು ನಾವು. ನಮಗೆ ಇದು ನಂಬಲಾಗದ್ದೇನೂ ಅಲ್ಲ. ಆದರೆ ವೇದಿಕೆ ಇಲ್ಲ, ಚಪ್ಪಾಳೆ ಇಲ್ಲ, ಪರಊರಿನ ಚಳಿಯಲ್ಲಿ ಒಂಟಿಯಾಗಿ ಮಾಡಿದ್ದು ಅನ್ನೋದನ್ನು ನೆನೆಯಿರಿ.

ಆಮೇಲಿನದು ಬೇಗ ಹೇಳ್ತೀನಿ, ಹೇಳೋಕೆ ಕಷ್ಟ. 1793ರಲ್ಲಿ ದೇಶದ ಇನ್ನೊಂದು ಪಾಲು ಹೋಯಿತು. 1794ರಲ್ಲಿ ಕೊಶ್ಚುಷ್ಕೊ ನಾಯಕತ್ವದಲ್ಲಿ ಜನ ದಂಗೆ ಎದ್ದರು. ಖಜಾನೆ ಬರಿದಾಗಿತ್ತು. ಚರ್ಚಿನ ಬೆಳ್ಳಿ ಸಾಮಾನು ಕರಗಿಸಿ ನಾಣ್ಯ ಹೊಡೆದರು. ಪೋಲೆಂಡಿನ ಮೊದಲ ಕಾಗದದ ನೋಟು ಬಂದದ್ದೂ ಆ ವರ್ಷವೇ. ಸೋತರು. 1795ರಲ್ಲಿ ಪೋಲೆಂಡ್ ಭೂಪಟದಿಂದ ಅಳಿಸಿಹೋಯಿತು. ಜಾವುಸ್ಕಿ ಗ್ರಂಥಾಲಯವನ್ನು ರಷ್ಯನ್ನರು ಸೇಂಟ್ ಪೀಟರ್ಸ್‌ಬರ್ಗ್‌ಗೆ ಸಾಗಿಸಿದರು. ಆಲ್ಬರ್ಟ್ರಾಂಡಿ ಹರೆಯದಲ್ಲಿ ಒಂದೊಂದಾಗಿ ಕೈಗೆತ್ತಿಕೊಂಡು ಪಟ್ಟಿ ಮಾಡಿದ ಪುಸ್ತಕಗಳು. ಮುಂದೆ 1921ರ ಒಪ್ಪಂದದ ಮೇಲೆ ಬಹಳಷ್ಟು ವಾರ್ಸಾಕ್ಕೆ ಮರಳಿದವು. 1944ರಲ್ಲಿ ಜರ್ಮನ್ನರು ಸುಟ್ಟರು.

ದೊರೆ ಪಟ್ಟ ಬಿಟ್ಟು, 1798ರಲ್ಲಿ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ ತೀರಿಕೊಂಡರು. ನಾಣ್ಯ, ಪುಸ್ತಕ ಎಲ್ಲ ತಮ್ಮನ ಮಗ ಯೂಸೆಫ್ ಪೊನ್ಯಾಟೊವ್ಸ್ಕಿಗೆ ಸೇರಿದವು. ತಾದೆವುಷ್ ಚಾಟ್ಸ್ಕಿ ಎಂಬ ವಿದ್ವಾಂಸ ತಾನು ಕಟ್ಟುತ್ತಿದ್ದ ಶಾಲೆಗೆಂದು ಅವನ್ನು ಕೊಂಡರು. ಆ ಶಾಲೆ ಇದ್ದದ್ದು ಈಗ ಉಕ್ರೇನಿನಲ್ಲಿರುವ ಕ್ರೆಮೆನೆಟ್ಸ್ ಊರಿನಲ್ಲಿ. ಸದ್ಯ, ಚಿಲ್ಲರೆಯಾಗಿ ಹರಾಜಾಗದೆ ಒಟ್ಟಿಗೆ ಮಕ್ಕಳ ಕಣ್ಣಿಗೆ ಬಿದ್ದವಲ್ಲ ಅಂತ ನನಗೆ ಸಮಾಧಾನ. 1830ರ ದಂಗೆಯ ನಂತರ ಆ ಶಾಲೆಯನ್ನೂ ಮುಚ್ಚಿಸಿ ಎಲ್ಲವನ್ನೂ ಕೀವ್‌ಗೆ ಒಯ್ದರು.

ಇಷ್ಟೆಲ್ಲ ಕಳೆದುಕೊಂಡ ಮುದುಕ ಏನು ಮಾಡಬಹುದು? ವಾರ್ಸಾ ಆಗ ಪ್ರಶ್ಯಾದ ಕೈಯಲ್ಲಿದೆ. ಹೌದು, ಕಳಪೆ ನಾಣ್ಯ ಹೊಡೆಸಿದ ಅದೇ ಪ್ರಶ್ಯಾ. 1800ರಲ್ಲಿ ಊರಿನ ವಿದ್ವಾಂಸರೆಲ್ಲ ಸೇರಿ ವಾರ್ಸಾ ವಿದ್ಯಾಪ್ರೇಮಿಗಳ ಸಂಘ ಕಟ್ಟಿದರು. ದೇಶ ಹೋಯಿತು, ಭಾಷೆಯನ್ನಾದರೂ ಉಳಿಸಿಕೊಳ್ಳೋಣ ಅನ್ನೋದು ಅವರ ಹಟ. ಮೊದಲ ಅಧ್ಯಕ್ಷರು ಆಲ್ಬರ್ಟ್ರಾಂಡಿ. ಆ ಹೊತ್ತಿಗೆ ಬಿಷಪ್ ಪದವಿಯೂ ಬಂದಿತ್ತು. ಅದೇ ಸಂಘದ ಸದಸ್ಯ ಸಾಮುವೆಲ್ ಲಿಂಡೆ ಮುಂದೆ ಆರು ಸಂಪುಟದ ಪೋಲಿಷ್ ನಿಘಂಟು ಹೊರತಂದರು. ಲಿಂಡೆಯ ತಂದೆ ಸ್ವೀಡನ್ ಮೂಲದವರು. ಇಟಲಿಯವರ ಮಗ ಅಧ್ಯಕ್ಷ, ಸ್ವೀಡನ್ನಿನವರ ಮಗ ನಿಘಂಟುಕಾರ! ಕಿಟ್ಟೆಲ್ ಅವರ ನಿಘಂಟು ಮನೆಯಲ್ಲಿಟ್ಟುಕೊಂಡ ನಮಗೆ ಇದು ಬಿಡಿಸಿ ಹೇಳಬೇಕಾಗಿಲ್ಲ.

ಆ ವಯಸ್ಸಿನಲ್ಲಿ, 1805ರಿಂದ, ಆಲ್ಬರ್ಟ್ರಾಂಡಿ ರೋಮನ್ ನಾಣ್ಯಗಳ ಮೇಲಿನ ಸಂಪುಟಗಳನ್ನು ಪ್ರಕಟಿಸಿದರು. ವಿದ್ವಾಂಸರ ಭಾಷೆ ಲ್ಯಾಟಿನ್ನಿನಲ್ಲಿ ಅಲ್ಲ, ಪೋಲಿಷ್‌ನಲ್ಲಿ. ನೇಗಿಲಿಗೆ ಸಿಕ್ಕ ತಲೆ ಯಾರದು ಅಂತ ಆ ನೆಲದ ಭಾಷೆಯಲ್ಲೇ ಓದಿ ತಿಳಿಯಬಹುದಾಯಿತು.

ಈಗ ಮತ್ತೆ ಆ ಗಡ್ಡ ನೋಡಿ. 1891ರಲ್ಲಿ ನಮ್ಮ ಯಶವಂತಪುರದಲ್ಲಿ ರೈಲು ಹಳಿಯ ಕೆಲಸಕ್ಕೆ ಅಗೆಯುವಾಗ 163 ರೋಮನ್ ಬೆಳ್ಳಿ ನಾಣ್ಯ ಸಿಕ್ಕವು. ಇದೇ ದಿನಾರಿಯಸ್. ಆದರೆ ಅವುಗಳ ಮೇಲಿನ ಆಗಸ್ಟಸ್, ಟೈಬೀರಿಯಸ್ ಯಾರಿಗೂ ಹೀಗೆ ಗಡ್ಡ ಇಲ್ಲ. ನುಣ್ಣಗೆ ಬೋಳಿಸಿದ ಮುಖ. ಪೋಲೆಂಡಿನಲ್ಲಿ ಸಿಗುವುದು ಹೆಚ್ಚಾಗಿ 2ನೇ ಶತಮಾನದವು. ಗಡ್ಡ ಬಿಡುವ ರೂಢಿ ತಂದ ಹೇಡ್ರಿಯನ್ ಮತ್ತು ಅವನ ನಂತರದವರು. ಯಾಕೆ ಈ ವ್ಯತ್ಯಾಸ? ಕಾರಣ ಬೆಳ್ಳಿಯಲ್ಲಿದೆ. ಕ್ರಿ.ಶ. 64ರಲ್ಲಿ ನೀರೋ ನಾಣ್ಯದ ಬೆಳ್ಳಿ ಇಳಿಸಿದ. ನಮ್ಮ ಕಡೆಯ ವ್ಯಾಪಾರಿಗಳು ಚಾಲಾಕು, ಅದಕ್ಕಿಂತ ಹಿಂದಿನ ಒಳ್ಳೆಯ ಬೆಳ್ಳಿಯನ್ನೇ ಇಷ್ಟಪಟ್ಟರು ಅನ್ನುತ್ತಾರೆ ಬಲ್ಲವರು. ಉತ್ತರ ಯೂರೋಪಿಗೆ ಹಣ ಹರಿದದ್ದು ಆಮೇಲೆ. ಅಲ್ಲಿಯೂ 2ನೇ ಶತಮಾನದ ಕೊನೆಯಲ್ಲಿ ಚಕ್ರವರ್ತಿ ಸೆವೆರಸ್ ಬೆಳ್ಳಿಯನ್ನು ಇನ್ನೂ ಕೆಡಿಸಿದ ಮೇಲಿನ ನಾಣ್ಯ ಅಪರೂಪ. ಅಂದರೆ ಯಶವಂತಪುರದಲ್ಲಿ ಅದನ್ನು ಕಂಡವನು ಸ್ನಾನಿಕ ಯೋವಾನ್ನನ ಕಥೆ ಬಲ್ಲವನಾಗಿದ್ದರೂ ಅದನ್ನು ಸಂತನ ತಲೆ ಅನ್ನುತ್ತಿರಲಿಲ್ಲ. ಗಡ್ಡವೇ ಇರಲಿಲ್ಲವಲ್ಲ!

1807ರಲ್ಲಿ ನೆಪೋಲಿಯನ್ ವಾರ್ಸಾ ಸಂಸ್ಥಾನ ಮಾಡಿಕೊಟ್ಟಾಗ, ಇಟಲಿಗೆ ಕರೆದೊಯ್ದಿದ್ದ ಆ ಶಿಷ್ಯ ಲುಬಿಯೆನ್ಸ್ಕಿ ಅಲ್ಲಿನ ನ್ಯಾಯಮಂತ್ರಿಯಾದರು. ಮೇಷ್ಟ್ರು ಅದನ್ನು ಕಣ್ಣಾರೆ ಕಂಡರು. 1808ರ ಆಗಸ್ಟ್‌ನಲ್ಲಿ ವಾರ್ಸಾದಲ್ಲೇ ತೀರಿಕೊಂಡರು.

ಮಾತು ಮುಗಿಸಿ ನಕಲು ನಾಣ್ಯಗಳನ್ನು ಡಬ್ಬಿಗೆ ಹಾಕುತ್ತಿದ್ದೆ. ಹಿಂದಿನ ಸಾಲಿನಲ್ಲಿ ಕೂತಿದ್ದ ಒಬ್ಬ ತಾಯಿ ಬಂದು ಸೆರಗಿನ ಗಂಟು ಬಿಚ್ಚಿದರು. ತಾಮ್ರದ ದುಡ್ಡು. ಒಂದು ಕಡೆ ಆನೆ. ಟಿಪ್ಪುವಿನ ಕಾಲದ್ದು.

'ತೊಳೀಬೇಕಾ ಸಾರ್ ಇದನ್ನ?' ಅಂತ ಕೇಳಿದರು.

'ಬೇಡಮ್ಮ, ದಯವಿಟ್ಟು ಬೇಡ. ಯಾರು ಕೊಟ್ಟಿದ್ದು?'

'ನಮ್ಮತ್ತೆ. ಅವರಿಗೆ ಅವರ ತವರಲ್ಲಿ ಕೊಟ್ಟಿದ್ದಂತೆ, ಮದುವೇಲಿ. ನಂಜನಗೂಡಿನ ಹತ್ರ.'

ಜೇಬಿನಿಂದ ಪೆನ್ನು, ಒಂದು ಚೀಟಿ ತೆಗೆದು ಕೊಟ್ಟೆ. ಅಲ್ಲೇ ಕುರ್ಚಿಯ ಕೈ ಮೇಲೆ ಚೀಟಿ ಇಟ್ಟುಕೊಂಡು ಅತ್ತೆಯ ಹೆಸರು ಬರೆದರು. ಊರಿನ ಹೆಸರು ಬರೆದರು. ಮದುವೆ ಯಾವ ವರ್ಷ ಅಂತ ನೆನಪಾಗಲಿಲ್ಲ. 'ತಡೀರಿ' ಅಂದು ಮನೆಗೆ ಫೋನ್ ಹಚ್ಚಿದರು.